ಚಿಕ್ಕಮಗಳೂರಿನವರೇ, 'ಕಂಪನಿಯಲ್ಲಿ ಪಾಲು ಕೊಡ್ತೀವಿ' ಅಂದರೆ ಹುಷಾರು

ನನ್ನಿಂದ ದುಡ್ಡು ಪಡೆದ ಕಂಪನಿಯ ಹೆಸರು ಹಾಕಬೇಡಿ ಅಂತ ವಕೀಲರು ಹೇಳಿದ್ದಾರೆ, ಹಾಕುವುದಿಲ್ಲ. ಆದರೆ ನಮ್ಮ ಚಿಕ್ಕಮಗಳೂರಿನಲ್ಲಿ ಕಾಫಿಪುಡಿ, ಹೋಂಸ್ಟೇ ಅಂತ ಪ್ರೈವೇಟ್ ಲಿಮಿಟೆಡ್ ಮಾಡಿಕೊಂಡು ಯಾರಾದರೂ ಪಾಲು ಕೊಡಲು ಬಂದರೆ ದಯವಿಟ್ಟು ಹುಷಾರು.

ನಾನು ಕೊಟ್ಟದ್ದು 5 ಲಕ್ಷ. ಪುಣ್ಯಕ್ಕೆ ಬ್ಯಾಂಕಿನಿಂದಲೇ ಕಳಿಸಿದ್ದೆ. ತೋಟ ಸುತ್ತಿಸಿದರು, ಊಟ ಹಾಕಿದರು, ಸೀಲ್ ಹೊಡೆದ 'ಶೇರ್ ಸರ್ಟಿಫಿಕೇಟ್' ಕೈಗಿಟ್ಟರು. ಅದರಲ್ಲಿ ಎಷ್ಟು ಶೇರು ಅಂತಲೇ ಇಲ್ಲ! ಕೇಳಿದರೆ, "ಆಡಿಟರ್ ಹತ್ರ ಇದೆ ಅಣ್ಣಾ, ಆಗುತ್ತೆ."

ವಾರ್ಷಿಕ ಸಭೆಯ ನೋಟಿಸೂ ಬರಲಿಲ್ಲ. ಶೇರುದಾರನಿಗೆ 21 ದಿನ ಮೊದಲೇ ಬರಬೇಕಲ್ವಾ? ಪರಿಚಯದ ಸಿಎ ಒಬ್ಬರು ಎಂಸಿಎ (ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯ) ವೆಬ್‌ಸೈಟಿನಿಂದ ದಾಖಲೆ ತೆಗೆದರು. ಪಾವತಿಯಾದ ಬಂಡವಾಳ, ಅಂದರೆ ಶೇರಿಗೆ ಅಂತ ಕಂಪನಿಗೆ ಬಂದ ದುಡ್ಡು, ಬರೀ 1 ಲಕ್ಷ. ಶೇರುದಾರರು ಗಂಡ ಹೆಂಡತಿ ಇಬ್ಬರೇ. ಡೈರೆಕ್ಟರುಗಳೂ ಅವರೇ. ನನ್ನ ಹೆಸರಿಗೆ ಒಂದು ಶೇರೂ ಇಲ್ಲ. 'ಕಂಪನಿ ತೋಟ'ದ ಪಹಣಿ ಅವರಲ್ಲೊಬ್ಬರ ತಾಯಿಯ ಹೆಸರಿನಲ್ಲಿದೆ.

ಫೋನ್ ಮಾಡಿದೆ. ಏನಂದರು ಗೊತ್ತಾ? "ಕಂಪನಿ ಬೇರೆ, ನಾನು ಬೇರೆ ಅಣ್ಣಾ. ಲಿಮಿಟೆಡ್ ಅಂದ್ರೆ ಅದೇ ಅಲ್ವಾ? ಕಂಪನಿ ಖಾತೆಯಲ್ಲಿ ದುಡ್ಡಿಲ್ಲ, ನಾನೇನ್ ಮಾಡ್ಲಿ?"

ದುಡ್ಡು ಇಸಕೊಳ್ಳುವಾಗ ನಮ್ಮ ತೋಟ, ನಮ್ಮ ಕಂಪನಿ. ವಾಪಸ್ ಕೇಳಿದರೆ ಬೇರೆ ಬೇರೆ! ನನಗೇ ಕಾನೂನು ಪಾಠ!

ಕಾನೂನಿನ ಕಣ್ಣಲ್ಲಿ ಕಂಪನಿ ಬೇರೆಯೇ ವ್ಯಕ್ತಿ, ಸರಿ. ಆದರೆ 'ಲಿಮಿಟೆಡ್' ಅನ್ನುವುದು ಕಂಪನಿಯ ಸಾಲಕ್ಕೆ ಶೇರುದಾರ ಎಷ್ಟು ಹೊಣೆ ಅನ್ನುವುದಕ್ಕೆ. ಶೇರು ಕೊಡ್ತೀನಿ ಅಂತ ದುಡ್ಡೆತ್ತಿ ಸುಮ್ನೆ ಕೂರುವುದಕ್ಕಲ್ಲ. 2013ರ ಕಂಪನಿ ಕಾಯ್ದೆಯ 42ನೇ ಸೆಕ್ಷನ್ ಓದಿ. ದುಡ್ಡು ಬಂದ 60 ದಿನದೊಳಗೆ ಶೇರು ಹಂಚಬೇಕು. ಇಲ್ಲದಿದ್ದರೆ ಮುಂದಿನ 15 ದಿನದಲ್ಲಿ ದುಡ್ಡು ವಾಪಸ್. ಅದೂ ತಪ್ಪಿದರೆ ಶೇ. 12 ಬಡ್ಡಿ. ಡೈರೆಕ್ಟರುಗಳಿಗೂ ದಂಡ ಇದೆ.

ಕೊಡುವ ಮೊದಲೇ ಎಂಸಿಎಯಲ್ಲಿ ಕಂಪನಿ ಹೆಸರು ಹಾಕಿ ನೋಡಿ, ಮೂಲ ವಿವರಕ್ಕೆ ದುಡ್ಡಿಲ್ಲ. ಶೇರು ಹಂಚಿದೆವು ಅಂದರೆ ಪಿಎಎಸ್-3 (ಶೇರು ಹಂಚಿದ ವಿವರ ಕೊಡುವ ಸರ್ಕಾರಿ ಫಾರಂ) ಸಲ್ಲಿಸಿದ್ದನ್ನು ತೋರಿಸಿ ಅನ್ನಿ. ನಗದು ಕೇಳಿದರೆ ಎದ್ದು ಬನ್ನಿ, ಕಾಯ್ದೆಯೇ ನಗದು ಬೇಡ ಅನ್ನುತ್ತದೆ. ಊಟ ಬೇಕಾದರೆ ಮಾಡಿ.

ನಮ್ಮ ವಕೀಲರ ನೋಟಿಸಿಗೆ ಈಗ ಹೊಸ ಉತ್ತರ: "ಅದು ಶೇರಿನ ಹಣವಲ್ಲ, ಕಂಪನಿ ಪಡೆದ ಸಾಲ." ಶೇರುದಾರನೂ ಅಲ್ಲದ, ಡೈರೆಕ್ಟರೂ ಅಲ್ಲದ ನನ್ನಂಥ ಹೊರಗಿನವನಿಂದ ಪ್ರೈವೇಟ್ ಕಂಪನಿ ಹೀಗೆ ಸಾಲ ಪಡೆದರೆ ಅದು ಡೆಪಾಸಿಟ್ ಆಗುತ್ತದೆ, ಅದಕ್ಕೆ ಅವಕಾಶವೇ ಇಲ್ಲ. ಅದನ್ನೂ ಬರೆದು ಕಳಿಸಿದ್ದೇವೆ. ಈಗ ಫೋನ್ ಎತ್ತುತ್ತಿಲ್ಲ.