ಸೂಪರ್ ಮಾರ್ಕೆಟ್‌ನ ಬೋರ್ಡಿಲ್ಲದ ಅಂಗಡಿ: ಬ್ಯಾಟರಿ ಉಬ್ಬಿದ್ದರೆ ಇಲ್ಲಿಗೆ ಹೋಗಿ

ಕಲಬುರಗಿಯ ಪೇಟೆ ಪ್ರದೇಶವಾದ ಸೂಪರ್ ಮಾರ್ಕೆಟ್‌ನಲ್ಲಿ ಮೊಬೈಲ್ ರಿಪೇರಿ ಅಂಗಡಿಗಳಿಗೇನೂ ಬರ ಇಲ್ಲ. ಆದರೆ ಬ್ಯಾಟರಿ ಉಬ್ಬಿದ ಫೋನ್ ಹಿಡಿದು ಕಂಡ ಕಂಡ ಅಂಗಡಿಗೆ ನುಗ್ಗಬೇಡಿ. ನಾನು ಮೊದಲು ಹೋದ ಕಡೆ ಒಬ್ಬ ಹುಡುಗ, ಎದ್ದು ನಿಂತಿದ್ದ ಹಿಂದಿನ ಕವರನ್ನು ಹೆಬ್ಬೆರಳಿಂದ ಅದುಮಿ, "ಗಮ್ ಹಾಕಿ ಕ್ಲಿಪ್ ಹಚ್ಚಿದ್ರ ಕುಂಡರ್ತದ ರೀ" ಅಂದ. ನೂರೈವತ್ತು ರೂಪಾಯಿಯಂತೆ. ಫೋನ್ ಅವನ ಕೈಯಿಂದ ತೆಗೆದುಕೊಂಡು ಹೊರಗೆ ಬಂದೆ. ಒಳಗೆ ಗ್ಯಾಸ್ ತುಂಬಿರುವ ಬ್ಯಾಟರಿಯನ್ನು ಅದುಮಿ ಮುಚ್ಚಿ, ಅದನ್ನು ಮತ್ತೆ ನಮ್ಮ ಜೇಬಿಗೇ ಹಾಕೋದಾ?

ಅಲ್ಲೇ ಒಳಗಲ್ಲಿಯಲ್ಲಿ ಒಂದು ಸಣ್ಣ ಅಂಗಡಿ ಇದೆ. ಬೋರ್ಡ್ ಇಲ್ಲ. ಕೂರಲು ಕುರ್ಚಿ ಇಲ್ಲ. ಒಂದು ಗಾಜಿನ ಕೌಂಟರ್, ಒಂದು ಟೇಬಲ್ ಫ್ಯಾನ್, ಕಾಲ ಬಳಿ ಮರಳು ತುಂಬಿದ ಎಣ್ಣೆ ಡಬ್ಬಿ. ನಡೆಸುವವರನ್ನು ಎಲ್ಲರೂ ಚಾಚಾ ಅಂತಾರೆ. ನಾನೂ ಹಾಗೇ ಕರೆಯುತ್ತೇನೆ.

ಚಾಚಾ ಫೋನ್ ಬಿಚ್ಚಲಿಲ್ಲ. ಹಿಂದಿನ ಕವರ್ ಮತ್ತು ಫ್ರೇಮ್ ನಡುವೆ ಒಂದು ವಿಸಿಟಿಂಗ್ ಕಾರ್ಡ್ ತೂರಿಸಿ ನೋಡಿದರು. ಸಲೀಸಾಗಿ ಹೋಯಿತು. ಆಮೇಲೆ ಪ್ರಶ್ನೆ ಶುರು. "ಬೇಟಾ, ಫೋನ್ ದಿನಾ ಎಲ್ಲಿ ಇಡ್ತಿ? ಚಾರ್ಜಿಗೆ ಯಾವಾಗ ಹಚ್ತಿ? ಮಲಗುವಾಗ ಎಲ್ಲಿ ಇರ್ತದ?" ಡಾಕ್ಟರ್ ಕೂಡ ನನಗೆ ಇಷ್ಟು ಕೇಳಿಲ್ಲ.

ನನ್ನದು ಔಷಧಿ ಹೋಲ್‌ಸೇಲ್ ಅಂಗಡಿಯಲ್ಲಿ ಡೆಲಿವರಿ ಕೆಲಸ. ಸೇಡಂ ರಸ್ತೆ, ಜೇವರ್ಗಿ ರಸ್ತೆ, ಆಳಂದ ರಸ್ತೆ, ಹೀಗೆ ಮೆಡಿಕಲ್ ಶಾಪ್‌ಗಳಿಗೆ ಸುತ್ತೋದು. ಫೋನ್ ಬೈಕಿನ ಹ್ಯಾಂಡಲ್ ಮೇಲೆ, ಮ್ಯಾಪ್ ಆನ್, ಬೈಕಿನ ಚಾರ್ಜರ್‌ನಿಂದ ಸದಾ ನೂರಕ್ಕೆ ನೂರು ಚಾರ್ಜ್. ಮೇ ತಿಂಗಳ ಬಿಸಿಲು ಹೇಗಿರುತ್ತೆ ಅಂತ ಕಲಬುರಗಿಯವರಿಗೆ ಹೇಳಬೇಕಾ? 42 ಡಿಗ್ರಿ ಅಂದರೆ 'ಇವತ್ತು ಸ್ವಲ್ಪ ಪರವಾಗಿಲ್ಲ' ಅನ್ನುವ ಊರು ಇದು. ಎಷ್ಟೋ ಫೋನ್ ಕಂಪನಿಗಳು ಸುತ್ತಲಿನ ಬಿಸಿ 35 ಡಿಗ್ರಿ ಒಳಗಿರಬೇಕು ಅಂತ ಕೈಪಿಡಿಯಲ್ಲೇ ಬರೆದಿರುತ್ತವೆ. ಅದೂ ನೆರಳಿನ ಲೆಕ್ಕ. ನೇರ ಬಿಸಿಲಲ್ಲಿ ಕಪ್ಪು ಫೋನ್ ಗಾಳಿಗಿಂತ ಜಾಸ್ತಿ ಕಾಯುತ್ತೆ.

ಚಾಚಾ ಹೇಳಿದ್ದನ್ನು ನನ್ನ ಮಾತಲ್ಲಿ ಹೇಳ್ತೀನಿ. ಫೋನಿನ ಲಿಥಿಯಂ ಬ್ಯಾಟರಿ ಒಳಗೆ ತೆಳು ಹಾಳೆಗಳ ಪದರಗಳು, ನಡುವೆ ಎಲೆಕ್ಟ್ರೊಲೈಟ್ ಅನ್ನುವ ದ್ರವ. ಬಿಸಿಗೆ ಆ ದ್ರವ ಒಡೆದು ಗ್ಯಾಸ್ ಆಗುತ್ತೆ. ಇಂಗಾಲದ ಡೈಆಕ್ಸೈಡ್, ಇಂಗಾಲದ ಮೊನಾಕ್ಸೈಡ್, ಎಥಿಲೀನ್, ಹೈಡ್ರೋಜನ್ ಇಂಥವು. ಸುತ್ತಲೂ ಅಲ್ಯುಮಿನಿಯಂ ಹಾಳೆಯ ಮುಚ್ಚಿದ ಚೀಲ ಇರೋದರಿಂದ ಹೊರಗೆ ಹೋಗಲು ದಾರಿ ಇಲ್ಲ. ಚೀಲ ಹಿಗ್ಗುತ್ತೆ, ಕವರ್ ಅಥವಾ ಡಿಸ್‌ಪ್ಲೇಯನ್ನು ಮೇಲಕ್ಕೆ ನೂಕುತ್ತೆ. ಬ್ಯಾಟರಿ ಪೂರ್ತಿ ತುಂಬಿದ್ದಾಗ ವೋಲ್ಟೇಜ್ ಜಾಸ್ತಿ ಇರುತ್ತೆ, ಆಗ ಈ ಒಡೆಯುವಿಕೆ ಇನ್ನೂ ಚುರುಕು. ಅಂದರೆ ಬಿಸಿ ಒಂದು ಕಡೆ, ಫುಲ್ ಚಾರ್ಜ್ ಇನ್ನೊಂದು ಕಡೆ. ನನ್ನ ಹ್ಯಾಂಡಲ್ ಮೇಲೆ ದಿನಾ ಎರಡೂ ಜೊತೆಗೇ ಸವಾರಿ ಮಾಡ್ತಿದ್ದವು. ಬಿದ್ದು ಪೆಟ್ಟಾದರೂ ಉಬ್ಬಬಹುದು, ಕಳಪೆ ಚಾರ್ಜರ್‌ಗೂ ಉಬ್ಬಬಹುದು, ವಯಸ್ಸಾದರೆ ಸುಮ್ನೆ ಕೂಡ ಉಬ್ಬಬಹುದು.

ನನಗೆ ಈ ಅಂಗಡಿ ಹಿಡಿಸಿದ್ದು ಇಲ್ಲಿ: ಅವರು ತಕ್ಷಣ ಕೆಲಸಕ್ಕೆ ಕೈ ಹಾಕಲಿಲ್ಲ. "ಚಾರ್ಜ್ ಭಾಳ ಅದ. ಕಾಲು ಭಾಗಕ್ಕಿಂತ ಕಮ್ಮಿ ಇಳಿದ ಮ್ಯಾಲ ಬಾ. ಅಲ್ಲೀತನಕ ಚಾರ್ಜಿಗೆ ಹಚ್ಚಬ್ಯಾಡ. ಬಿಸಿ ಆದ್ರ ದೂರ ಇಟ್ಟು ಬಿಡು" ಅಂದು ವಾಪಸ್ ಕಳಿಸಿದರು. ಆಗ ಸಿಟ್ಟು ಬಂತು ನಿಜ. ಆದರೆ ಮಾತು ಸರಿ ಇದೆ. ಕೀಳುವಾಗ ಹೆಚ್ಚುಕಮ್ಮಿ ಆದರೆ, ತುಂಬಿದ ಬ್ಯಾಟರಿ ಖಾಲಿ ಬ್ಯಾಟರಿಗಿಂತ ಜೋರಾಗಿ ಉರಿಯುತ್ತೆ.

ಸಂಜೆ ಹೋದಾಗ ನಿಂತು ನೋಡಿದೆ. ಬಿಸಿ ಗಾಳಿಯ ಗನ್ ಪಕ್ಕದಲ್ಲೇ ಇತ್ತು, ಮುಟ್ಟಲಿಲ್ಲ. ತೆಳು ಪ್ಲಾಸ್ಟಿಕ್ ಕಾರ್ಡನ್ನು ಅಂಚಿನಲ್ಲಿ ಇಂಚಿಂಚೇ ಸರಿಸಿ ಕವರ್ ಬಿಡಿಸಿದರು. ಮೊದಲು ಬ್ಯಾಟರಿಯ ಕನೆಕ್ಟರ್ ತೆಗೆದರು. ಆಮೇಲೆ ಬ್ಯಾಟರಿ ಅಂಚಿಗೆ ಐಸೊಪ್ರೊಪೈಲ್ ಆಲ್ಕೊಹಾಲ್‌ನ ಕೆಲವು ಹನಿ. ಗಮ್ ಮೆತ್ತಗಾಗಲಿ ಅಂತ ಕೈ ಕಟ್ಟಿ ಕೂತರು. ಹಿಂದೆ ಗಿರಾಕಿಗಳು 'ಚಾಚಾ, ಚಾಚಾ' ಅಂತ ಕೂಗ್ತಿದ್ದರೂ ಕದಲಲಿಲ್ಲ. ಕೊನೆಗೆ ನೈಲಾನ್ ದಾರವನ್ನು ಬ್ಯಾಟರಿ ಕೆಳಗೆ ಹಾಕಿ ಎರಡೂ ಕೈಯಿಂದ ಗರಗಸದಂತೆ ಎಳೆದು ಬಿಡಿಸಿದರು. ಸ್ಕ್ರೂಡ್ರೈವರ್ ತುದಿಯಿಂದ ಮೀಟಲೇ ಇಲ್ಲ. ತೆಗೆದ ಬ್ಯಾಟರಿಯ ಕನೆಕ್ಟರ್‌ಗೆ ಟೇಪ್ ಸುತ್ತಿ ಮರಳಿನ ಡಬ್ಬಿಗೆ ಇಳಿಸಿದರು.

ಆ ಹೊತ್ತಿಗೆ ಇನ್ನೊಬ್ಬ ಗಿರಾಕಿ ಬಂದ. "ಸೂಜಿ ಚುಚ್ಚಿ ಗಾಳಿ ತೆಗೀರಿ ಚಾಚಾ, ಹೊಸದು ಬ್ಯಾಡ" ಅಂದ. "ಅದೇನು ಸೈಕಲ್ ಟ್ಯೂಬ್ ಏನೋ?" ಅಂತ ಚಾಚಾ ರೇಗಿದರು. ಸೂಜಿ ಪದರಗಳನ್ನು ದಾಟಿದರೆ ಒಳಗೇ ಶಾರ್ಟ್ ಆಗುತ್ತೆ, ಒಳಗಿನ ಗ್ಯಾಸೂ ಹೊತ್ತಿಕೊಳ್ಳುವಂಥದ್ದು. ಮನೆಯಲ್ಲಿ ಇದನ್ನು ಯಾರೂ ಮಾಡಬೇಡಿ.

ಹೊಸ ಬ್ಯಾಟರಿ ಹಾಕೋ ಮೊದಲು ಅದರ ಮೇಲಿನ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, ಬ್ಯಾಟರಿ ಸುರಕ್ಷತೆಯ ಮಾನಕವಾದ ಐಎಸ್ 16046 ಅನ್ನುವ ನಂಬರ್, ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ತೋರಿಸಿದರು. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಬಹುದು. ಒಟ್ಟು 1,300 ರೂಪಾಯಿ, ಮೂರು ತಿಂಗಳ ಗ್ಯಾರಂಟಿ. ಪಕ್ಕದಲ್ಲಿ ಇದಕ್ಕಿಂತ ಅಗ್ಗಕ್ಕೆ ಸಿಗುತ್ತೆ. ಈ ಗುರುತು ಅಲ್ಲಿ ಕೇಳಿ ನೋಡಿ, ಮಜಾ ಇರುತ್ತೆ.

ಅಮ್ಮನ ಹಳೇ ಫೋನನ್ನೂ ಒಯ್ದಿದ್ದೆ. ಅದು ಬಿಸಿಲು ಕಂಡಿದ್ದೇ ಇಲ್ಲ, ಅಲ್ಮಾರಿಯಲ್ಲಿ ವರ್ಷಗಟ್ಟಲೆ ಸೀರೆಗಳ ನಡುವೆ ಇತ್ತು. ಅದೂ ಉಬ್ಬಿತ್ತು! ಪೂರ್ತಿ ಖಾಲಿಯಾಗಿ ಬಿದ್ದಿದ್ದರೂ ಒಳಗಿನ ರಸಾಯನ ಕೆಡುತ್ತೆ, ಅಂಥದ್ದನ್ನು ಮತ್ತೆ ಚಾರ್ಜಿಗೆ ಹಚ್ಚೋದು ಅಪಾಯ ಅಂತ ಗೊತ್ತಾಯಿತು. ಬಳಸದ ಫೋನನ್ನು ಅರ್ಧ ಚಾರ್ಜಿನಲ್ಲಿ ಆಫ್ ಮಾಡಿ ಇಡಬೇಕು, ಆರು ತಿಂಗಳಿಗೊಮ್ಮೆ ತೆಗೆದು ಮತ್ತೆ ಅರ್ಧಕ್ಕೆ ತರಬೇಕು. ಅಮ್ಮನ ಫೋನಿನ ಬ್ಯಾಟರಿ ಅಲ್ಲೇ ಬಿಟ್ಟು ಬಂದೆ.

ನನ್ನ ಫೋನಿನಲ್ಲಿ 80ಕ್ಕೆ ಚಾರ್ಜ್ ನಿಲ್ಲಿಸುವ ಸೆಟ್ಟಿಂಗನ್ನು ಚಾಚಾ ತಾವೇ ಆನ್ ಮಾಡಿ ಕೊಟ್ಟರು. ಈಗಿನ ಎಷ್ಟೋ ಫೋನ್‌ಗಳಲ್ಲಿ ಇದು ಇದೆ, ಹುಡುಕಿ. ರಾತ್ರಿ ಚಾರ್ಜಿಗೆ ಹಚ್ಚಿದರೆ ಸ್ಫೋಟ ಆಗುತ್ತೆ ಅನ್ನೋದನ್ನು ಅವರು ಒಪ್ಪಲ್ಲ. ಫುಲ್ ಆದ ಮೇಲೆ ಫೋನೇ ಚಾರ್ಜ್ ತಡೆಯುತ್ತೆ. ತಲೆದಿಂಬಿನ ಕೆಳಗೆ ಇಟ್ಟು ಬಿಸಿ ಕಟ್ಟೋದು ಬೇಡ, ಅಷ್ಟೇ. ಕಾದ ಫೋನನ್ನು ಫ್ರಿಜ್‌ನಲ್ಲಿ ಇಡೋದಂತೂ ಬೇಡವೇ ಬೇಡ, ಒಳಗೆ ನೀರ ಹನಿ ಕೂರುತ್ತೆ. ನಾನೀಗ ಬೈಕ್ ಮೇಲೆ ಮ್ಯಾಪ್ ಹಾಕಿದರೂ ಮಧ್ಯಾಹ್ನ ಚಾರ್ಜರ್ ಹಚ್ಚಲ್ಲ. ನೆರಳಲ್ಲಿ ನಿಂತಾಗಷ್ಟೇ.

ದೂರುಗಳೂ ಇವೆ. ಬಿಲ್ ಕೊಡಲ್ಲ, ಚೀಟಿಯಲ್ಲಿ ತಾರೀಖು ಬರೆದು ಕೊಡ್ತಾರೆ. ಕಾಯಿಸ್ತಾರೆ. ಹೊಸ ಗಮ್ ಹಾಕಿದರೂ ನೀರು ತಡೆಯೋ ಶಕ್ತಿ ಮೊದಲಿನಂತೆ ಇರಲ್ಲ ಅಂತ ಕೆಲಸ ಮುಗಿದ ಮೇಲೆ ಹೇಳಿದರು, ಮೊದಲೇ ಹೇಳಬೇಕಿತ್ತು. ಹಳೇ ಬ್ಯಾಟರಿ ಎಲ್ಲಿಗೆ ಹೋಗುತ್ತೆ ಅಂತ ಕೇಳಿದರೆ 'ಹೈದರಾಬಾದಿನವರು ಒಯ್ತಾರ' ಅಂದರು. ಹಳೇ ಬ್ಯಾಟರಿ ಕಸಕ್ಕೆ ಹಾಕುವಂತಿಲ್ಲ, ಅದಕ್ಕೆ 2022ರ ನಿಯಮಗಳೇ ಇವೆ. ಈ ಉತ್ತರ ನನಗೆ ಸಾಲಲಿಲ್ಲ.

ಐದಕ್ಕೆ ನಾಲ್ಕು ಕೊಡ್ತೀನಿ. ಶುಕ್ರವಾರ ಮಧ್ಯಾಹ್ನ ನಮಾಜಿಗೆ ಬಾಗಿಲು ಹಾಕಿರ್ತಾರೆ. ಬ್ಯಾಟರಿ ತರಿಸಲು ಅರ್ಧ ದುಡ್ಡು ಮುಂಗಡ ಕೇಳ್ತಾರೆ, ಕೈಯಲ್ಲಿ ಸ್ವಲ್ಪ ನಗದು ಇರಲಿ. ಗೋಡೆಗೆ ಕ್ಯೂಆರ್ ಕೋಡ್ ಅಂಟಿಸಿದ್ದಾರೆ ನಿಜ, ಆದರೆ ಸ್ಕ್ಯಾನ್ ಮಾಡೋ ಫೋನ್ ಅವರ ಮೇಜಿನ ಮೇಲೆ ಬಿಚ್ಚಿಕೊಂಡು ಬಿದ್ದಿರುತ್ತಲ್ಲ!