ಹಳೇ ಟ್ರೇಲರಿಗೆ ಮಾಡು, ಸೊಳ್ಳೆ ಜಾಲರಿಯ ಜಗಲಿ: ಹಲವು ಚಳಿಗಾಲ ಕಂಡ ಮೇಲೆ

ನಾವು ಕಟ್ಟಿದ್ದಕ್ಕೆ ಅಂಕ ಕೊಡುವುದಾದರೆ ಮಾಡಿಗೆ, ಅಂದರೆ ಛಾವಣಿಗೆ, ಐದಕ್ಕೆ ಐದು, ಜಾಲರಿಗೆ ಮೂರೂವರೆ, ಬೆಳಕು ಬಿಡುವ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ ಶೀಟಿಗೆ ಎರಡು. ಇಷ್ಟೇ ಸಾಕೆನ್ನುವವರು ಇಲ್ಲಿಗೇ ನಿಲ್ಲಿಸಬಹುದು.

ಮಿಶಿಗನ್ನಿನ ಹೋಟನ್ ಲೇಕ್ ಕಡೆ ನಮ್ಮದೊಂದು ತುಂಡು ಜಾಗ, ಅದರಲ್ಲಿ ಎಂಬತ್ತರ ದಶಕದ ಟ್ರಾವೆಲ್ ಟ್ರೇಲರ್, ಅಂದರೆ ಗಾಡಿಯ ಹಿಂದೆ ಎಳೆದೊಯ್ಯುವ ಗಾಲಿಮನೆ. ಅದನ್ನಿನ್ನು ಎಲ್ಲಿಗೂ ಎಳೆದೊಯ್ಯುವ ಇರಾದೆ ಇಲ್ಲ. ಬೇಸಿಗೆಯ ವಾರಾಂತ್ಯಕ್ಕೆ ಹೋಗಿ ಹೊರಗೆ ಕೂತು ಕಾಫಿ ಕುಡಿಯೋಣವೆಂದರೆ ಜೂನ್ ತಿಂಗಳಲ್ಲಿ ಸೊಳ್ಳೆ ಬಿಡುವುದಿಲ್ಲ, ಒಳಗೆ ಕೂತರೆ ಮಾಡು ಸೋರುತ್ತದೆ. ಎರಡಕ್ಕೂ ಸೇರಿಸಿ ಒಂದೇ ಕಟ್ಟೋಣ ಮಾಡಿದೆವು. ಬಾಡಿಗೆಯ ಕ್ಯಾಂಪ್‌ಗ್ರೌಂಡಿನಲ್ಲಿ ಟ್ರೇಲರ್ ಇಟ್ಟವರು ಮೊದಲು ಅಲ್ಲಿನ ನಿಯಮ ಕೇಳಿಕೊಳ್ಳಿ, ಎಷ್ಟೋ ಕಡೆ ಕಂಬ ಹೂಳಲು ಬಿಡುವುದಿಲ್ಲ. ಸ್ವಂತ ಜಾಗವಾದರೂ ಪರ್ಮಿಟ್ ವಿಚಾರಿಸದೆ ಗುಂಡಿ ತೋಡಬೇಡಿ.

ಮಾಡಿಗೆ ಪೂರ್ತಿ ಅಂಕ ಕೊಟ್ಟದ್ದಕ್ಕೆ ಕಾರಣ ಒಂದೇ: ಅದು ಟ್ರೇಲರನ್ನು ಎಲ್ಲಿಯೂ ಮುಟ್ಟುವುದಿಲ್ಲ. ಇಂಥ ಹಳೇ ಟ್ರೇಲರಿನ ಗೋಡೆಯೆಂದರೆ ಹೊರಗೊಂದು ತೆಳು ಅಲ್ಯೂಮಿನಿಯಂ ತಗಡು, ಅದರ ಹಿಂದೆ ಸಣ್ಣ ಮರದ ಪಟ್ಟಿಗಳು, ನಡುವೆ ಗಾಜಿನ ಉಣ್ಣೆ. ಅದಕ್ಕೆ ಹಲಗೆ ಹೊಡೆದು ಪಕಾಸಿ ಇಳಿಬಿಟ್ಟರೆ ಹಿಮದ ಭಾರವನ್ನು ಏನು ತಡೆದೀತು? ಹಿಂದಿನ ಮಾಲೀಕರು ಹಾಗೆ ಹೊಡೆದಿದ್ದ ಒಂದು ಹಲಗೆಯನ್ನು ಕಿತ್ತಾಗ ಸ್ಕ್ರೂ ಜೊತೆಗೇ ಒಳಗಿನ ಮರವೂ ಬಂತು, ನೆನೆದ ರಸ್ಕಿನ ಹಾಗೆ ಕೈಯಲ್ಲೇ ಪುಡಿಯಾಯಿತು. ಸ್ಕ್ರೂ ತೂತಿನಿಂದ ವರ್ಷಗಟ್ಟಲೆ ನೀರು ಇಳಿದಿತ್ತು. ಇನ್ನೊಂದು ತೊಡಕೂ ಇದೆ. ಜ್ಯಾಕ್ ಮೇಲೆ ನಿಂತ ಟ್ರೇಲರ್ ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟಿ ಉಬ್ಬಿದಂತೆಲ್ಲ ಏಳುತ್ತದೆ, ವಸಂತದಲ್ಲಿ ಇಳಿಯುತ್ತದೆ. ಮಾಡಿನ ಕಂಬಗಳ ಬುಡ ಇಲ್ಲಿ ಹೆಪ್ಪು ತಲುಪದ 42 ಇಂಚು ಆಳದಲ್ಲಿರಬೇಕು, ಹಾಗಾಗಿ ಅವು ಕದಲುವುದಿಲ್ಲ. ಒಂದು ಏಳುವುದು, ಇನ್ನೊಂದು ಏಳದಿರುವುದು, ಎರಡನ್ನೂ ಕಟ್ಟಿಹಾಕಿದರೆ ಸಂದು ಬಿಡದೆ ಇರುತ್ತದೆಯೇ?

ಆದ್ದರಿಂದ ತನ್ನದೇ ಕಂಬಗಳ ಮೇಲೆ ನಿಂತ ಮಾಡು ಟ್ರೇಲರನ್ನೂ ಜಗಲಿಯನ್ನೂ ಒಟ್ಟಿಗೆ ಮುಚ್ಚುತ್ತದೆ. ಟ್ರೇಲರಿನ ನೆತ್ತಿಗೂ ಮಾಡಿನ ತಗಡಿಗೂ ನಡುವೆ ಒಂದಡಿಗಿಂತ ಹೆಚ್ಚು ಖಾಲಿ ಬಿಟ್ಟಿದ್ದೇವೆ. ಗಾಳಿ ಆಡುತ್ತದೆ, ಜುಲೈ ಮಧ್ಯಾಹ್ನದಲ್ಲೂ ಒಳಗೆ ಮಲಗಬಹುದು. ಫ್ರಿಜ್ಜಿನ ಬಿಸಿಗಾಳಿ ಹೋಗುವ ಕಿಂಡಿಗೂ ಜಾಗ ಉಳಿಯಿತು. ಪ್ರತಿ ವಸಂತಕ್ಕೂ ಏಣಿ ಹತ್ತಿ ಸಂದುಗಳಿಗೆ ಸೀಲಂಟ್ ಬಳಿಯುವ ಕೆಲಸ ತಪ್ಪಿತು. ಕೊರತೆ ಇಲ್ಲವೆಂದಲ್ಲ. ಮಳೆ ಜೋರಾದರೆ ಜಗಲಿಯಲ್ಲಿ ಮಾತು ಕೇಳಿಸುವುದಿಲ್ಲ (ತೀರ್ಥಹಳ್ಳಿ ಕಡೆಯವಳಾದ ನನ್ನ ಹೆಂಡತಿಗೆ ಅದೇ ಬೇಕು). ಸೆಪ್ಟೆಂಬರ್ ಬೆಳಗಿನ ಚಳಿಗೆ ತಗಡಿನ ಒಳಮೈ ಬೆವರಿ ತಲೆ ಮೇಲೆ ತೊಟ್ಟಿಕ್ಕುತ್ತದೆ, ಅಡಿಯಲ್ಲಿ ಫೆಲ್ಟ್ ಅಂಟಿಸಿ ಬರುವ ಶೀಟು ಕೊಂಡರೆ ಆ ಕಾಟ ಕಡಿಮೆ.

ಮರದ ಬಗ್ಗೆ ಒಂದು ಮಾತು. ಅಮೆರಿಕದಲ್ಲಿ 2004ರಿಂದ ಮನೆ ಕಟ್ಟುವ ಕೆಲಸಕ್ಕೆ, ಕೊಳೆಯದಂತೆ ಆರ್ಸೆನಿಕ್ ಹಾಕಿದ ಮರ ಬರುವುದಿಲ್ಲ, ಈಗಿನದರಲ್ಲಿ ಅದರ ಬದಲು ತಾಮ್ರ ಜಾಸ್ತಿ. ಒದ್ದೆಯಾದಾಗ ಆ ತಾಮ್ರ ಟ್ರೇಲರಿನ ಅಲ್ಯೂಮಿನಿಯಂ ತಗಡನ್ನು ತಿನ್ನುತ್ತದೆ, ಅಗ್ಗದ ಸ್ಕ್ರೂಗಳನ್ನೂ ಬಿಡುವುದಿಲ್ಲ. ಹಾಟ್ ಡಿಪ್ ಗ್ಯಾಲ್ವನೈಸ್ ಮಾಡಿದ್ದು (ಕರಗಿದ ಸತುವಿನಲ್ಲಿ ಅದ್ದಿದ್ದು) ಅಥವಾ ಸ್ಟೇನ್‌ಲೆಸ್ ಸ್ಕ್ರೂ ತನ್ನಿ. ಜಗಲಿಯ ಚೌಕಟ್ಟು ಟ್ರೇಲರಿನ ಪಕ್ಕಕ್ಕೆ ಬರುವಲ್ಲಿ ನಾವು ಬೆರಳಗಲ ಸಂದು ಬಿಟ್ಟು ಮೆತ್ತನೆಯ ರಬ್ಬರ್ ಪಟ್ಟಿ ತುಂಬಿದ್ದೇವೆ.

ಜಾಲರಿ ಮಾಮೂಲಿ ಫೈಬರ್‌ಗ್ಲಾಸಿನದು, ಇಂಚಿಗೆ 18 ಮತ್ತು 16 ಎಳೆ. ಸೊಳ್ಳೆಗೆ ಸಾಕು. ಕಣ್ಣಿಗೇ ಕಾಣದಂಥ ಕಚ್ಚುವ ನುಸಿಗೆ ಸಾಲದು, ಅದಕ್ಕೆ ಎರಡೂ ಕಡೆ 20 ಎಳೆ ಬೇಕು, ಆಗ ಗಾಳಿ ಕಡಿಮೆಯಾಗುತ್ತದೆ. ನಾವು ಗಾಳಿಯನ್ನೇ ಆರಿಸಿಕೊಂಡೆವು. ಕೆಳಗಿನ ಸಾಲು ಮಕ್ಕಳ ಮೊಣಕಾಲಿಗೂ ರಕೂನ್ ಎಂಬ ಕಾಡುಪ್ರಾಣಿಯ ಉಗುರಿಗೂ ಬೇಗ ಹರಿಯಿತು, ಈಗ ಅಲ್ಲಿ ದಪ್ಪ ಪಾಲಿಯೆಸ್ಟರ್ ಜಾಲರಿ ಇದೆ. ಹೊಸಬರಿಗೆ ಹೊಳೆಯದ ವಿಷಯ: ನೆಲದ ಹಲಗೆಗಳ ಸಂದಿನಿಂದಲೂ ಸೊಳ್ಳೆ ಮೇಲೆ ಬರುತ್ತದೆ. ಹಲಗೆ ಹೊಡೆಯುವ ಮೊದಲೇ ಅಡಿಯಲ್ಲಿ ಜಾಲರಿ ಹಾಸಿಬಿಡಿ. ಚೌಕಟ್ಟುಗಳನ್ನು ಬಿಚ್ಚಿ ತೆಗೆಯುವಂತೆ ಮಾಡಿಕೊಂಡರೆ ಅಕ್ಟೋಬರಿನಲ್ಲಿ ಕಳಚಿ ಒಳಗಿಡಬಹುದು, ಹಿಮ ರಾಶಿಯಾಗಿ ಒತ್ತುವುದಿಲ್ಲ.

ಜಗಲಿ ಯಾವ ಮಗ್ಗುಲಿಗೆ ಎಂಬುದನ್ನು ನೋಟ ನೋಡಿ ತೀರ್ಮಾನಿಸಬೇಡಿ. ಹೀಟರ್ ಮತ್ತು ನೀರು ಕಾಯಿಸುವ ಗ್ಯಾಸಿನ ಹೊಗೆ ಗೋಡೆಯಿಂದಲೇ ಹೊರಬರುತ್ತದೆ. ಆ ಬಾಯಿ ಜಗಲಿಯ ಒಳಗೆ ಬಂದರೆ, ಅದೂ ಚಳಿಗೆಂದು ಸುತ್ತ ಪ್ಲಾಸ್ಟಿಕ್ ಕಟ್ಟಿದರೆ, ಕಾರ್ಬನ್ ಮಾನಾಕ್ಸೈಡ್ ಪ್ರಾಣಕ್ಕೇ ಸಂಚಕಾರ. ತುರ್ತು ಕಿಟಕಿಯನ್ನೂ ಮುಚ್ಚಬಾರದು.

ಬೆಳಕಿಗೆಂದು ಜಗಲಿಯ ಮುಂಭಾಗದ ಮಾಡಿಗೆ ಪಾಲಿಕಾರ್ಬೊನೇಟ್ ಹಾಕಿದ್ದೆವು. ಬಿಸಿಲು ಏರಿದಾಗ ಹಿಗ್ಗಿ ಲಟಲಟ ಅನ್ನುತ್ತದೆ, ತೂತು ಸ್ಕ್ರೂಗಿಂತ ದೊಡ್ಡದಾಗಿ ಕೊರೆದಿದ್ದರೂ ಸದ್ದು ನಿಂತಿಲ್ಲ. ಪೈನ್ ಸೂಜಿ ಬಿದ್ದು ಪಾಚಿ ಕಟ್ಟಿ ಈಗ ಬೆಳಕೂ ಅಷ್ಟಕ್ಕಷ್ಟೇ. ಬರುವ ಬೇಸಿಗೆಯಲ್ಲಿ ಒಂದು ಶೀಟು ಉಳಿಸಿ ಮಿಕ್ಕ ಕಡೆ ತಗಡೇ ಹಾಕಿಸುತ್ತೇವೆ.