ಏರ್ ಡೆಕ್ಕನ್ ದಾರಿಯೋ, ಇಂಡಿಗೋ ದಾರಿಯೋ?

ತಮ್ಮಾ, ದಾವಣಗೆರೆಯಿಂದ ಎರಡು ಮಿನಿಬಸ್ ಓಡಿಸೋಕೆ ಹೊರಟಿದ್ದೀಯ. ಏರ್ ಡೆಕ್ಕನ್, ಇಂಡಿಗೋ ಅನ್ನೋ ಎರಡು ಅಗ್ಗದ ವಿಮಾನ ಕಂಪನಿಗಳಲ್ಲಿ ಯಾರ ಥರ ಬೆಳೆಯಲಿ ಅಂತ ಕೇಳಿದೆ, ಅಲ್ವಾ?

ಮೊದಲು ರೂಟು. ನಮ್ಮ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿದಾಗ ಸಣ್ಣ ಎಟಿಆರ್ ವಿಮಾನ ತಂದರು. ಅದಕ್ಕೆ ಚಿಕ್ಕ ರನ್‌ವೇ ಸಾಕು. ಹುಬ್ಬಳ್ಳಿಯಂಥ ಊರಿಗೂ ಹಾರಿದರು. ಮೊದಲ ಸಲ ವಿಮಾನ ಹತ್ತುವವರೇ ಅವರ ಗಿರಾಕಿಗಳು. ನನಗೆ ಇವತ್ತಿಗೂ ಅದು ದೊಡ್ಡ ಕೆಲಸ ಅನಿಸುತ್ತದೆ. ಇಂಡಿಗೋ 2006ರಲ್ಲಿ ಬಂತು. ಜನ ಜಾಸ್ತಿ ಓಡಾಡುವ ಊರುಗಳನ್ನೇ ಹೆಚ್ಚು ಹಿಡಿಯಿತು.

ಖರ್ಚಿನ ಲೆಕ್ಕವೇ ಮುಖ್ಯ. ಡೆಕ್ಕನ್ ಎಟಿಆರ್ ಜೊತೆಗೆ ದೊಡ್ಡ ಏರ್‌ಬಸ್ ವಿಮಾನವನ್ನೂ ತಂದಿತು. ಎರಡು ಜಾತಿಯ ವಿಮಾನ ಅಂದರೆ ಪೈಲಟ್, ಬಿಡಿಭಾಗ, ಮೆಕ್ಯಾನಿಕ್ ಎಲ್ಲ ಎರಡೆರಡು. ಇಂಡಿಗೋ ಹಾರಾಟಕ್ಕೆ ಮುಂಚೆಯೇ, 2005ರಲ್ಲಿ, 100 ಏರ್‌ಬಸ್ ಎ320ಗೆ ಒಟ್ಟಿಗೆ ಆರ್ಡರ್ ಕೊಟ್ಟಿತು. ವರ್ಷಗಟ್ಟಲೆ ಅದೊಂದನ್ನೇ ಓಡಿಸಿತು. ಗ್ಯಾರೇಜಿನಲ್ಲಿ ನೀನೇ ನೋಡಿದ್ದೀಯಲ್ಲ, ಒಂದು ಕಂಪನಿಯ ಕ್ಲಚ್ ಪ್ಲೇಟ್ ಇನ್ನೊಂದಕ್ಕೆ ಕೂರಲ್ಲ. ಗಾಡಿ ಸುಮ್ನೆ ಎರಡು ದಿನ ನಿಂತಿರುತ್ತದೆ.

ಬಾಳಿಕೆ? ಡೆಕ್ಕನ್ ಬೇಗ ಹಬ್ಬಿತು, ನಷ್ಟವೂ ಬೆಳೆಯಿತು. 2007ರಲ್ಲಿ ದೊಡ್ಡ ಪಾಲು ಕಿಂಗ್‌ಫಿಷರ್ ವಿಮಾನ ಕಂಪನಿಯವರಿಗೆ ಹೋಯಿತು.

ಜಗಳೂರು ಕಡೆಯ ಹಳ್ಳಿಗಳಿಗೆ ಬಸ್ಸೇ ಇಲ್ಲದ ಹೊತ್ತಿಗೆ ಓಡಿಸುತ್ತೀಯಾದರೆ, ಕೈಯಲ್ಲಿ ಆರು ತಿಂಗಳ ಡೀಸೆಲ್ ದುಡ್ಡೂ ಇದ್ದರೆ, ಡೆಕ್ಕನ್ ದಾರಿ. ಸಾಲದ ಕಂತು ತಲೆ ಮೇಲಿದ್ದರೆ ಹರಿಹರ, ಚಿತ್ರದುರ್ಗದಂಥ ತುಂಬುವ ರೂಟೇ ಸರಿ. ಯಾವುದಾದರೂ ಆಗಲಿ, ಎರಡೂ ಗಾಡಿ ಒಂದೇ ಕಂಪನಿಯದು ತಗೋ. ಅದಕ್ಕೂ ಮುಂಚೆ ಒಂದು ವಾರ ಬೆಳಿಗ್ಗೆ ಆರಕ್ಕೆ ಜಗಳೂರು ಬಸ್ ಸ್ಟ್ಯಾಂಡಿನಲ್ಲಿ ನಿಂತು ತಲೆ ಎಣಿಸು.